ಇಂಗ್ಲೆಂಡಿನಲ್ಲಿ ಫ್ಲಾಟ್ ಇದೆಯಾ? ಲೀಸ್ 80 ವರ್ಷಕ್ಕೆ ಇಳಿಯೋ ಮೊದಲು ಏನು ಮಾಡಬೇಕು

ಇಂಗ್ಲೆಂಡ್ ಅಥವಾ ವೇಲ್ಸಿನಲ್ಲಿ ಲೀಸ್‌ಹೋಲ್ಡ್ ಫ್ಲಾಟ್ (ಲೀಸಿನಲ್ಲಿ ಬರೆದಷ್ಟು ವರ್ಷ ಮಾತ್ರ ನಿಮ್ಮದಾಗಿರುವ ಫ್ಲಾಟ್) ತಗೊಂಡಿದ್ದೀರಾ? ಹಾಗಾದರೆ ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಅಂತ ಇವತ್ತೇ ನೋಡಿ. ಏಜೆಂಟ್ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ವೆಬ್‌ಸೈಟಿನಲ್ಲಿ 7 ಪೌಂಡ್ ಕಟ್ಟಿದರೆ ಟೈಟಲ್ ರಿಜಿಸ್ಟರ್ ಸಿಗುತ್ತದೆ. ಲೀಸ್ ಯಾವತ್ತು ಶುರುವಾಯಿತು, ಎಷ್ಟು ವರ್ಷದ್ದು ಅನ್ನೋದು ಅದರಲ್ಲಿ ಇರುತ್ತದೆ. ಬಹಳ ಜನ ತಾವು ಕೊಂಡ ದಿನದಿಂದ ಲೆಕ್ಕ ಹಾಕುತ್ತಾರೆ, ಅದು ತಪ್ಪು. 2008ರಲ್ಲಿ ಶುರುವಾದ 99 ವರ್ಷದ ಲೀಸ್ ಆದರೆ, ನೀವು ಹೋದ ವರ್ಷ ಕೊಂಡಿದ್ದರೂ ಅದು 2107ಕ್ಕೇ ಮುಗಿಯುತ್ತದೆ. ಅಂದರೆ 2027ಕ್ಕೆ 80 ವರ್ಷಕ್ಕೆ ಬಂದು ನಿಲ್ಲುತ್ತದೆ.

ಈ 80ರ ಮೇಲೆ ಯಾಕೆ ಇಷ್ಟು ಕಣ್ಣಿಡಬೇಕು ಅಂದರೆ, ಲೀಸ್ ಉದ್ದ ಮಾಡಿಕೊಡಿ ಅಂತ ಫ್ರೀಹೋಲ್ಡರಿಗೆ, ಅಂದರೆ ಕಟ್ಟಡದ ಮಾಲೀಕರಿಗೆ, ನೋಟಿಸ್ ಕೊಡುವ ದಿನ ಲೀಸ್ 80 ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅದಕ್ಕೆ ಕೊಡಬೇಕಾದ ಬೆಲೆಗೆ ‘ಮ್ಯಾರೇಜ್ ವ್ಯಾಲ್ಯೂ’ ಅನ್ನೋದು ಸೇರಿಕೊಳ್ಳುತ್ತದೆ. ಲೀಸ್ ಉದ್ದ ಆದ ಕೂಡಲೇ ಫ್ಲಾಟಿನ ಬೆಲೆ ಏರುತ್ತದಲ್ವಾ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರಿಗೆ ಕೊಡಬೇಕು. 80 ವರ್ಷಕ್ಕಿಂತ ಒಂದು ದಿನ ಜಾಸ್ತಿ ಇದ್ದರೂ ಇದು ಬರುವುದಿಲ್ಲ.

ಒಂದು ಅಂದಾಜು ಲೆಕ್ಕ ನೋಡಿ. ಫ್ಲಾಟಿನ ಬೆಲೆ 3 ಲಕ್ಷ ಪೌಂಡ್, ಗ್ರೌಂಡ್ ರೆಂಟ್ (ಫ್ರೀಹೋಲ್ಡರಿಗೆ ಕಟ್ಟುವ ನೆಲಬಾಡಿಗೆ) ವರ್ಷಕ್ಕೆ 100 ಪೌಂಡ್, ಅದು ಏರುವುದೂ ಇಲ್ಲ ಅಂದುಕೊಳ್ಳಿ. ಲೀಸಿನಲ್ಲಿ 81 ವರ್ಷ ಉಳಿದಿದೆ. ಆ 81 ವರ್ಷ ಆದ ಮೇಲೆ ಫ್ರೀಹೋಲ್ಡರಿಗೆ ಬರಬೇಕಿದ್ದ 3 ಲಕ್ಷದ ಇವತ್ತಿನ ಬೆಲೆಯನ್ನು ಶೇಕಡಾ 5ರ ದರದಲ್ಲಿ ಇಳಿಸಿ ಹಾಕಿದರೆ ಸುಮಾರು 5,800 ಪೌಂಡ್ ಆಗುತ್ತದೆ (ಫ್ಲಾಟುಗಳಿಗೆ ಈ 5 ಅನ್ನೋ ದರ 2006ರ ಒಂದು ಟ್ರಿಬ್ಯುನಲ್ ತೀರ್ಪಿನಿಂದ ಬಂದದ್ದು). ಅವರು ಗ್ರೌಂಡ್ ರೆಂಟ್ ಕಳೆದುಕೊಳ್ಳುವುದಕ್ಕೆ ಸುಮಾರು 1,400. ಒಟ್ಟು 7,200ರ ಆಸುಪಾಸು. ಅದೇ ಫ್ಲಾಟಿನಲ್ಲಿ 72 ವರ್ಷ ಮಾತ್ರ ಉಳಿದಿದ್ದರೆ? ಮೊದಲಿನ ಎರಡು ಬಾಬ್ತೇ 10,300 ದಾಟುತ್ತವೆ. ಅಷ್ಟು ಸಣ್ಣ ಲೀಸಿಗೆ ಫ್ಲಾಟಿನ ಬೆಲೆ ಪೂರ್ತಿ ಬೆಲೆಯ ಶೇಕಡಾ 90 ಅಂತ ಹಿಡಿದರೆ ಮ್ಯಾರೇಜ್ ವ್ಯಾಲ್ಯೂವಿನ ಅರ್ಧ ಇನ್ನೊಂದು 8,000ಕ್ಕಿಂತ ಜಾಸ್ತಿ. ಅಲ್ಲಿಗೆ 18,000 ಮೀರಿತು. ಆ ಶೇಕಡಾ ಎಷ್ಟು ಅನ್ನೋದರ ಮೇಲೇ ಎರಡೂ ಕಡೆಯ ಸರ್ವೇಯರುಗಳ (ಆಸ್ತಿಗೆ ಬೆಲೆ ಕಟ್ಟುವವರ) ಜಗಳ ನಡೆಯುವುದು, ಅದಕ್ಕೇ ನಿಮ್ಮ ಕಡೆಗೂ ಒಬ್ಬ ಒಳ್ಳೆಯವನು ಬೇಕು.

‘ಹೊಸ ಕಾನೂನು ಬಂದಿದೆಯಂತೆ, ಕಾಯೋಣ’ ಅನ್ನುವವರು ತುಂಬಾ ಇದ್ದಾರೆ. 2024ರ ಮೇ ತಿಂಗಳಲ್ಲಿ ಕಾನೂನು ಪಾಸಾಗಿದ್ದು ನಿಜ. ಕೊಂಡು ಎರಡು ವರ್ಷ ಆಗಿರಲೇಬೇಕು ಅನ್ನುವ ಷರತ್ತು 2025ರ ಜನವರಿ 31ಕ್ಕೆ ಹೋಯಿತು, ಹಾಗಾಗಿ ಈಗ ಮನೆ ನಿಮ್ಮ ಹೆಸರಿಗೆ ರಿಜಿಸ್ಟರ್ ಆದ ಮೇಲೆ ಯಾವಾಗ ಬೇಕಾದರೂ ಕೇಳಬಹುದು. ಆದರೆ 990 ವರ್ಷದ ವಿಸ್ತರಣೆ, ಮ್ಯಾರೇಜ್ ವ್ಯಾಲ್ಯೂ ರದ್ದು, ಇವು ಕಾಗದದ ಮೇಲಿವೆ ಅಷ್ಟೇ, ಇದನ್ನು ಬರೆಯುವ ಹೊತ್ತಿಗೆ ಜಾರಿಗೆ ಬಂದಿಲ್ಲ. ನನ್ನನ್ನು ಕೇಳಿದರೆ, 80ರಿಂದ 85ರೊಳಗೆ ಇದ್ದರೆ ಕಾಯಬೇಡಿ, ಶುರು ಮಾಡಿ. ಈಗಾಗಲೇ 80ರ ಕೆಳಗೆ ಇಳಿದಿದ್ದು, ಸದ್ಯಕ್ಕೆ ಮಾರುವ ಅಥವಾ ಮಾರ್ಗೇಜ್ ಬದಲಿಸುವ ಯೋಚನೆ ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥ ಇದೆ. ಆದರೆ ಲೀಸ್ ತೀರಾ ಸಣ್ಣದಾಗಿದ್ದರೆ ಕಾಯುವ ಮೊದಲು ಯೋಚಿಸಿ, ಯಾಕಂದರೆ 70ರ ಕೆಳಗೆ ಹೋದರೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. 100ರ ಮೇಲಿದ್ದರೆ ಸುಮ್ನೆ ಇರಿ.

ಸರಿ, ಮಾಡುವುದು ಅಂತ ತೀರ್ಮಾನಿಸಿದಿರಿ. ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಅಂತ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಇದೆ, ಸಲಹೆ ಉಚಿತ. ಅವರ ಆನ್‌ಲೈನ್ ಕ್ಯಾಲ್ಕುಲೇಟರಿನಲ್ಲಿ ಮೊದಲು ಒಂದು ಅಂದಾಜು ತಗೊಳ್ಳಿ. ಆಮೇಲೆ ಲೀಸ್ ವಿಸ್ತರಣೆಯನ್ನೇ ಮಾಡಿ ಪಳಗಿರುವ ಸರ್ವೇಯರ್ ಮತ್ತು ಸಾಲಿಸಿಟರ್ (ವಕೀಲ) ಹುಡುಕಿ. ಮನೆ ಕೊಳ್ಳುವಾಗ ಕಾಗದ ನೋಡಿದ ಅದೇ ಸಾಲಿಸಿಟರ್ ಅಗ್ಗಕ್ಕೆ ಮಾಡಿಕೊಡುತ್ತೇನೆ ಅಂದರೂ, ಇದನ್ನು ಎಷ್ಟು ಸಲ ಮಾಡಿದ್ದೀರಿ ಅಂತ ಕೇಳಿಯೇ ಒಪ್ಪಿ. ಇಲ್ಲಿ ಗಡುವುಗಳು ಬಹಳ ಬಿಗಿ.

1993ರ ಕಾನೂನಿನ ಪ್ರಕಾರ ಸಾಲಿಸಿಟರ್ ಕೊಡುವುದು ‘ಸೆಕ್ಷನ್ 42 ನೋಟಿಸ್’. ಈಗಿನ ಲೀಸಿಗೆ ಇನ್ನೂ 90 ವರ್ಷ ಸೇರಿಸಿ, ಗ್ರೌಂಡ್ ರೆಂಟ್ ಸೊನ್ನೆ ಮಾಡಿ, ಇಷ್ಟು ಕೊಡುತ್ತೇನೆ ಅಂತ ಅದರಲ್ಲಿ ಇರುತ್ತದೆ. ಆ ಮೊತ್ತ ಸ್ವಲ್ಪ ಕಡಿಮೆ ಇರಲಿ, ಚೌಕಾಸಿಗೆ ಜಾಗ ಬೇಕಲ್ಲ. ಆದರೆ ನಗೆಪಾಟಲಾಗುವಷ್ಟು ಕಡಿಮೆ ಹಾಕಿದರೆ ನೋಟಿಸೇ ಬಿದ್ದುಹೋಗಬಹುದು. ನೋಟಿಸ್ ಕೊಟ್ಟ ದಿನಕ್ಕೇ ಬೆಲೆಯ ಲೆಕ್ಕ ನಿಂತುಬಿಡುತ್ತದೆ, ಆಮೇಲೆ ಮಾತುಕತೆ ಎಳೆದಾಡುತ್ತಾ ಲೀಸ್ 80 ದಾಟಿ ಕೆಳಗಿಳಿದರೂ ಚಿಂತೆ ಇಲ್ಲ. ಇನ್ನೊಂದು ವಿಷಯ, ಕೆಲವು ಕಟ್ಟಡಗಳಲ್ಲಿ ನಿಮಗೂ ಫ್ರೀಹೋಲ್ಡರಿಗೂ ನಡುವೆ ಇನ್ನೊಬ್ಬ ಲೀಸ್‌ದಾರ ಇರುತ್ತಾನೆ. ನೋಟಿಸ್ ಯಾರಿಗೆ ಹೋಗಬೇಕು ಅನ್ನೋದನ್ನು ಸಾಲಿಸಿಟರ್ ಮೊದಲೇ ಪತ್ತೆ ಮಾಡಬೇಕು.

ಉತ್ತರ ಕೊಡಲು ಫ್ರೀಹೋಲ್ಡರಿಗೆ ಕನಿಷ್ಠ ಎರಡು ತಿಂಗಳು. ಅಷ್ಟರಲ್ಲಿ ಡಿಪಾಸಿಟ್ ಕೇಳಬಹುದು, ನೀವು ಹೇಳಿದ ಮೊತ್ತದ ಶೇಕಡಾ 10 ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅದು. ಅವರ ಉತ್ತರದಲ್ಲಿ ಬರುವ ಮೊತ್ತ ನೋಡಿ ಎದೆ ಒಡೆದುಕೊಳ್ಳಬೇಡಿ, ಅದು ಚೌಕಾಸಿಯ ಮೊದಲ ಮಾತು. ಎರಡು ತಿಂಗಳು ಮಾತಾಡಿಯೂ ಹೊಂದಿಕೆ ಆಗದಿದ್ದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಉತ್ತರ ಬಂದ ಆರು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ನೋಟಿಸ್ ಸತ್ತ ಹಾಗೆ, ಮತ್ತೆ ಕೊಡಬೇಕಾದರೆ ಒಂದು ವರ್ಷ ಕಾಯಬೇಕು. ಈ ತಾರೀಖನ್ನು ಸಾಲಿಸಿಟರಿಗೇ ಬಿಡಬೇಡಿ, ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ.

ಖರ್ಚಿನ ಲೆಕ್ಕದಲ್ಲಿ ಜನ ಮರೆಯುವುದು ಒಂದಿದೆ. ಫ್ರೀಹೋಲ್ಡರಿನ ಸರ್ವೇಯರ್ ಮತ್ತು ಸಾಲಿಸಿಟರಿನ ನ್ಯಾಯವಾದ ಫೀಸನ್ನೂ ನೀವೇ ಕೊಡಬೇಕು. 2024ರ ಕಾನೂನು ಇದನ್ನೂ ಬದಲಿಸುತ್ತದೆ, ಅದೂ ಜಾರಿಯಾದ ಮೇಲೆ.

ನೋಟಿಸೆಲ್ಲ ಯಾಕೆ, ನಾವೇ 125 ವರ್ಷಕ್ಕೆ ಮಾಡಿಕೊಡುತ್ತೇವೆ ಅಂತ ಫ್ರೀಹೋಲ್ಡರ್ ಕಡೆಯಿಂದ ಪತ್ರ ಬರಬಹುದು. 125 ವರ್ಷ ಸೇರಿಸುತ್ತಾರಾ, ಒಟ್ಟು 125 ಆಗುವಂತೆ ಮಾಡುತ್ತಾರಾ ನೋಡಿ. ಸಾಮಾನ್ಯವಾಗಿ ಎರಡನೆಯದೇ. ಈ ದಾರಿಯಲ್ಲಿ ಹಳೇ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ, ಮತ್ತೆ ಅವರು ಮಧ್ಯದಲ್ಲಿ ಮಾತು ಬದಲಿಸಿದರೆ ನೀವು ಏನೂ ಮಾಡುವ ಹಾಗಿಲ್ಲ. ಫ್ರೀಹೋಲ್ಡಿನಲ್ಲಿ ನಿಮಗೂ ಅಕ್ಕಪಕ್ಕದವರಿಗೂ ಪಾಲಿದ್ದರೆ ಮಾತು ಬೇರೆ, ಎಲ್ಲರೂ ಒಪ್ಪಿ 999 ವರ್ಷಕ್ಕೆ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಫ್ಲಾಟ್ ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದವರಿಗೂ ಈ ಹಕ್ಕು ಇದೆ, ಅಲ್ಲಿ ವಾಸ ಇರಬೇಕಂತಿಲ್ಲ. ನೋಟಿಸಿಗೆ ನಿಮ್ಮ ಪರವಾಗಿ ಸಾಲಿಸಿಟರ್ ಸಹಿ ಹಾಕಬಹುದು, ಇಂಗ್ಲೆಂಡಿನಲ್ಲಿ 2014ರಿಂದ ಆ ಅನುಕೂಲ ಇದೆ. ಹೊಸ ಲೀಸಿಗೆ ನೀವೇ ಸಹಿ ಹಾಕುವುದಾದರೆ ಸಾಕ್ಷಿ ಎದುರಿಗೇ ಕೂತಿರಬೇಕು, ವಿಡಿಯೋ ಕಾಲ್ ನಡೆಯುವುದಿಲ್ಲ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಮೂರು ವಿಳಾಸದವರೆಗೆ ಕೊಡಬಹುದು, ಅದರಲ್ಲಿ ಊರಿನ ವಿಳಾಸ, ಇಮೇಲ್ ಎರಡನ್ನೂ ಸೇರಿಸಿ. ಇಲ್ಲವಾದರೆ ಕಾಗದಗಳೆಲ್ಲ ಬಾಡಿಗೆಯವರ ಬಾಗಿಲಿಗೇ ಹೋಗಿ ಬೀಳುತ್ತವೆ.

ಮಾರಾಟದ ಮಧ್ಯೆ ಲೀಸ್ 80ರ ಅಂಚಿಗೆ ಬಂದಿದ್ದರೆ, ಮಾರುವವರೇ ನೋಟಿಸ್ ಕೊಟ್ಟು ಅದರ ಹಕ್ಕನ್ನು ಫ್ಲಾಟಿನ ಜೊತೆಗೇ ಕೊಳ್ಳುವವರಿಗೆ ದಾಟಿಸಬಹುದು. ಕೊಳ್ಳುವವರು ನೀವಾದರೆ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದ ಬದಲಾಯಿಸಿಕೊಳ್ಳುವುದು) ಆಗುವ ಮೊದಲೇ ಇದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.