ಸರಾಸರಿ ಬಿಟ್ಟು ಒಂದೊಂದೇ ಇಲಿಯನ್ನು ನೋಡಿದ್ದು

ಮಂಗಳಕ್ಕೆ ಹೊರಡುವವರ ಮಿದುಳಿಗೆ ಬಾಹ್ಯಾಕಾಶದ ವಿಕಿರಣ ಏನು ಮಾಡೀತು ಎಂದು ತಿಳಿಯಲು ನಾವು ಇಲಿಗಳನ್ನು ಕಬ್ಬಿಣದ ಅಯಾನುಗಳಿಗೆ, ಅಂದರೆ ವೇಗವಾಗಿ ಹಾರುವ ವಿದ್ಯುದಾವೇಶದ ಪರಮಾಣುಗಳಿಗೆ, ಒಡ್ಡುತ್ತೇವೆ. ಬರೀ ಇಪ್ಪತ್ತು ಸೆಂಟಿಗ್ರೇ (ಮೈ ಹೀರುವ ವಿಕಿರಣದ ಅಳತೆ) ಡೋಸಿಗೆ ಇಲಿಯ ವರ್ತನೆಯಲ್ಲಿ ಏನೂ ಕಾಣಿಸದು ಎಂದವರೇ ಈಗ ನಮ್ಮ ಪ್ರೋಟೋಕಾಲ್ (ಪ್ರಯೋಗದ ಕ್ರಮ) ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಶುರುವಿನಲ್ಲಿ ಎಲ್ಲರಂತೆ ಹೊಸ ವಸ್ತು ಗುರುತಿಸುವ ನೆನಪಿನ ಪರೀಕ್ಷೆಯನ್ನೇ ಇಟ್ಟೆವು. ಗುಂಪಿನ ಸರಾಸರಿ ತೆಗೆದರೆ ಶಾಮ್ ಗುಂಪಿಗೂ (ವಿಕಿರಣವೊಂದನ್ನು ಬಿಟ್ಟು ಉಳಿದೆಲ್ಲ ಹಾಗೇ ಮಾಡಿದ ಇಲಿಗಳು) ವಿಕಿರಣ ತಿಂದ ಗುಂಪಿಗೂ ವ್ಯತ್ಯಾಸವೇ ಇಲ್ಲ. ಇನ್ನೊಂದು ಸುತ್ತಿನಲ್ಲಿ ಇಲಿಗಳ ಸಾಗಣೆಯ ವಾಹನದಲ್ಲಿ ತಂಪು ಕೈಕೊಟ್ಟು ಶಾಮ್ ಇಲಿಗಳೇ ಮಂಕಾದವು. ಆ ಇಡೀ ಸುತ್ತು ಕಸಕ್ಕೆ ಹೋಯಿತು. ವೇಗವರ್ಧಕದ ಬೀಮಿಗೆ, ಅಂದರೆ ಅಯಾನುಗಳ ಕಿರಣಕ್ಕೆ, ಗಂಟೆಗೆ ಸಾವಿರಾರು ಡಾಲರ್ ಎಂದು ಎಲ್ಲರೂ ಹೆದರುತ್ತಾರೆ. ನಮ್ಮ ಡೋಸ್ ಕೆಲವೇ ನಿಮಿಷಗಳ ಕೆಲಸ. ನಿಜವಾಗಿ ಅನುದಾನ ತಿಂದದ್ದು ಆಮೇಲಿನ ಮೂರು ತಿಂಗಳ ಪಂಜರದ ದಿನಬಾಡಿಗೆ. ಬಜೆಟ್ ಬರೆಯುವವರು ಅದನ್ನು ಮೊದಲು ಲೆಕ್ಕ ಹಾಕಿ.

ಕೊನೆಗೆ ಜಾಗರೂಕತೆಯ ಪರೀಕ್ಷೆಗೆ ಬಂದೆವು: ದೀಪ ಹತ್ತುವವರೆಗೆ ಕಾದು, ಹತ್ತಿದ ಕೂಡಲೇ ಮೂಗು ತೂರಿಸಬೇಕು. ವಿಕಿರಣಕ್ಕೆ ಮೊದಲೇ ವಾರಗಟ್ಟಲೆ ತರಬೇತಿ ಕೊಟ್ಟು, ಪ್ರತಿ ಇಲಿಯ ಅಂಕ ಒಂದು ಮಟ್ಟಕ್ಕೆ ನಿಂತ ಮೇಲಷ್ಟೇ ಬೀಮಿಗೆ ಒಡ್ಡಿದೆವು. ಆಮೇಲೆ ಪ್ರತಿ ಇಲಿಯನ್ನೂ ಅದರದೇ ಹಳೆಯ ಅಂಕಕ್ಕೆ ಹೋಲಿಸಿದೆವು. ಚಿತ್ರ ತಟ್ಟನೆ ಎರಡಾಗಿ ಒಡೆಯಿತು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಏನೂ ಆಗಿರಲಿಲ್ಲ. ಮೂರರಲ್ಲೊಂದಕ್ಕಿಂತ ತುಸು ಹೆಚ್ಚು ಇಲಿಗಳು ಮಾತ್ರ ದೀಪ ಹತ್ತುವ ಮೊದಲೇ ಮುನ್ನುಗ್ಗುತ್ತಿದ್ದವು, ಇಲ್ಲವೇ ಹತ್ತಿದ್ದನ್ನೂ ತಪ್ಪಿಸುತ್ತಿದ್ದವು. ಪ್ರೋಟಾನಿನ ವಿಕಿರಣದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇಂಥದೇ ಒಡಕನ್ನೂ, ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್ ಸಂಬಂಧಿ ಪ್ರೋಟೀನುಗಳ ಏರುಪೇರನ್ನೂ ಮೊದಲೇ ತೋರಿಸಿದ್ದರು. ಕಬ್ಬಿಣದಲ್ಲಿ ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ನಮಗೆ ಹೆಮ್ಮೆ.

ಸಾಗಣೆಯ ಪ್ರಯಾಣದಲ್ಲಿ ಮಂಕಾದ ಇಲಿಗಳನ್ನು ಮತ್ತೆ ಹಳೆಯ ಮಟ್ಟಕ್ಕೆ ತರುವ ಬಗೆ ನಮ್ಮದೇ. ಅದರ ಬಗೆಗಿನ ನಮ್ಮ ಲೇಖನ ಅಚ್ಚಾಗುವವರೆಗೆ ಅದನ್ನು ಬಿಚ್ಚಿಡಲಾರೆ.

ನಡುವೆ ವಿಕಿರಣ ತಿಂದ ಸುಂಡಿಲಿಗಳಿಗೆ ಮೈಕ್ರೋಗ್ಲಿಯಾ (ಮಿದುಳಿನ ರೋಗನಿರೋಧಕ ಕೋಶಗಳು) ಅಳಿಸುವ ಔಷಧ ಬೆರೆಸಿದ ಆಹಾರವನ್ನೂ ಕೊಟ್ಟು ನೋಡಿದೆವು. ಔಷಧ ನಿಲ್ಲಿಸಿ ಎರಡು ವಾರದಲ್ಲಿ ಕೋಶಗಳು ಮರಳಿ ತುಂಬಿದವು. ನೆನಪಿನ ಪರೀಕ್ಷೆಯಲ್ಲೂ ಚೇತರಿಕೆ ಕಂಡಿತು. ಸಂಖ್ಯೆ ಚಿಕ್ಕದು, ಆಸೆ ಮಾತ್ರ ಬಿಟ್ಟಿಲ್ಲ.

ಬಾಹ್ಯಾಕಾಶದಲ್ಲಿ ತಿಂಗಳುಗಳಲ್ಲಿ ಹನಿಹನಿಯಾಗಿ ಬೀಳುವ ವಿಕಿರಣವನ್ನು ನಿಮಿಷಗಳಲ್ಲಿ ಸುರಿಯುತ್ತೀರಿ ಎಂಬ ಆಕ್ಷೇಪ ನ್ಯಾಯವೇ. ಮಂಗಳದ ದಾರಿಯಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ವಿಕಿರಣದ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ). ಆದರೆ ಅಲ್ಲಿಗೆ ಹೊರಡುವುದು ನಾಲ್ಕಾರು ಮಂದಿ. ಅವರಲ್ಲಿ ಒಬ್ಬರ ಗಮನ ಕುಸಿದರೂ ನೌಕೆಗೇ ಆಪತ್ತು, ಸರಾಸರಿ ಏನೇ ಹೇಳಲಿ. ಮುಂದಿನ ಸರದಿಗೆ ಆಮ್ಲಜನಕದ ಅಯಾನು ಕೇಳಿದ್ದೇವೆ. ಈ ಸಲ ಹೆಣ್ಣಿಲಿಗಳೂ ಇರುತ್ತವೆ.