ಸಂಬಳಕ್ಕಿಂತ ಮೊದಲು ವೇಳಾಪಟ್ಟಿ ಕೇಳಿದೆ

ದಾವಣಗೆರೆಯಲ್ಲಿ ಎರಡು ವರ್ಷದ ಬಿ.ಎಡ್. ಮುಗಿಸಿ, ಮದುವೆಯಾಗಿ ಉಡುಪಿಗೆ ಬಂದಾಗ ನಾನು ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಇನ್ನೂ ಪಾಸು ಮಾಡಿರಲಿಲ್ಲ. ಆರರಿಂದ ಎಂಟನೇ ತರಗತಿಯ ಗಣಿತ, ವಿಜ್ಞಾನ ಶಿಕ್ಷಕರಿಗಿರುವ ಎರಡನೇ ಪತ್ರಿಕೆಯ 150 ಅಂಕಗಳಲ್ಲಿ ವಿಷಯಕ್ಕೆ ಮೀಸಲಾಗಿರುವುದು 60 ಮಾತ್ರ. ಉಳಿದ 90 ಅಂಕ ಮಕ್ಕಳ ವಿಕಾಸ ಮತ್ತು ಎರಡು ಭಾಷೆಗಳಿಗೆ ಹಂಚಿಹೋಗುತ್ತದೆ. ಗಣಿತವನ್ನೇ ನೆಚ್ಚಿಕೊಂಡಿದ್ದ ನಾನು ಮೊದಲ ಸಲ ನಪಾಸಾಗಿ, ಎರಡನೆಯ ಸಲ ಕನ್ನಡ ವ್ಯಾಕರಣವನ್ನು ಓದಿಕೊಂಡು ಹೋಗಿ ತೇರ್ಗಡೆಯಾದೆ.

ಮೊದಲು ಸೇರಿದ್ದು ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ. ಸಂದರ್ಶನದಲ್ಲಿ ನಾನು ಕೇಳಿದ್ದು ಸಂಬಳವೊಂದನ್ನೇ. ಜೂನ್‌ನಲ್ಲಿ ವೇಳಾಪಟ್ಟಿ ಕೈಗೆ ಬಂದಾಗ ವಾರಕ್ಕೆ 36 ಪೀರಿಯಡ್‌ಗಳಿದ್ದವು, ಜೊತೆಗೆ ಸಂಜೆ ಶಾಲಾ ವಾಹನದ ಉಸ್ತುವಾರಿ. ಪರಿಶೀಲನೆಗೆಂದು ಪಡೆದ ಮೂಲ ಅಂಕಪಟ್ಟಿಗಳು ನನಗೆ ಮರಳಿ ಸಿಕ್ಕಿದ್ದು ಮಾರ್ಚ್‌ನಲ್ಲಿ, ನಾನು ಬಿಡುವೆನೆಂದು ಬರೆದುಕೊಟ್ಟ ಮೇಲೆ. ಏಪ್ರಿಲ್, ಮೇ ತಿಂಗಳಿಗೆ ಸಂಬಳವಿಲ್ಲವೆಂಬುದೂ ಆಗಲೇ ತಿಳಿಯಿತು. ಮರುವರ್ಷ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾದೆ. ಪಾಠ ಮಾಡುವ ಸುಖವಿತ್ತು, ಆದರೆ ಶೈಕ್ಷಣಿಕ ವರ್ಷದೊಂದಿಗೆ ಆ ಕೆಲಸವೂ ಮುಗಿಯಿತು.

ಮೂರನೆಯದು ಮೂಲ್ಕಿಯ ಕಡೆಯ ಕನ್ನಡ ಮಾಧ್ಯಮ ಪ್ರೌಢಶಾಲೆ. ಹುದ್ದೆ ಸರಕಾರದ್ದಲ್ಲ, ಶಾಲೆಯ ಆಡಳಿತ ಮಂಡಳಿಯೇ ಸಂಬಳ ಕೊಡುವಂಥದು; ಸಂಬಳ ಮೊದಲಿನದಕ್ಕಿಂತ ತುಸು ಕಡಿಮೆ. ಈ ಸಲ ವೇಳಾಪಟ್ಟಿಯನ್ನು ಮೊದಲು ಕೇಳಿದೆ. ಮುಖ್ಯೋಪಾಧ್ಯಾಯರು ಮಾತಿಲ್ಲದೆ ಗೋಡೆಯಿಂದ ಅದನ್ನು ಬಿಡಿಸಿ ಮುಂದಿಟ್ಟರು: ವಾರಕ್ಕೆ 26 ಪೀರಿಯಡ್. ಹಿಂದಿನವರು ಏಕೆ ಬಿಟ್ಟರೆಂದು ಕೇಳಿದ್ದಕ್ಕೆ, ಸರಕಾರಿ ನೇಮಕಾತಿ ಆಯಿತೆಂದರು. ಅಂಕಪಟ್ಟಿಗಳ ನಕಲು ಸಾಕೆಂದೂ ಹೇಳಿದರು. ಅಲ್ಲಿಯೇ ಸೇರುವುದೆಂದು ನಿರ್ಧರಿಸಿದೆ.

ಸೇರಿದ್ದು ಸುಲಭವಾಯಿತು, ಹೊಂದಿಕೊಳ್ಳುವುದು ಆಗಲಿಲ್ಲ. ನನ್ನ ಬಯಲುಸೀಮೆಯ ಕನ್ನಡ ಮಕ್ಕಳಿಗೆ ನಗು ತರಿಸುತ್ತಿತ್ತು. ಅವರ ತುಳು ನನಗೆ ತಿಳಿಯುತ್ತಿರಲಿಲ್ಲ. ಜುಲೈಯಲ್ಲಿ ಮಳೆಗೆಂದು ಜಿಲ್ಲಾಧಿಕಾರಿಗಳು ರಜೆ ಸಾರಿದಾಗಲೆಲ್ಲ ಪಾಠ ಹಿಂದೆ ಬೀಳುತ್ತಿದ್ದುದರಿಂದ, ಅರ್ಥವಾಯಿತೇ ಎಂದು ಕೇಳಿ, ಎಲ್ಲರೂ ತಲೆಯಾಡಿಸಿದ ಕೂಡಲೇ ಮುಂದಕ್ಕೆ ಓಡುತ್ತಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ ಬೀಜೋಕ್ತಿಗಳ ಅಪವರ್ತನ ಅರ್ಧ ತರಗತಿಗೆ ಬಂದಿರಲಿಲ್ಲ. ಉತ್ತರಪತ್ರಿಕೆ ಹಂಚಿದ ದಿನ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳಿಗೆ ಅದೇ ಲೆಕ್ಕವನ್ನು ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ಗದರುವ ಬದಲು ಅವಳನ್ನು ಹಲಗೆಯ ಬಳಿಗೆ ಕರೆದು, ಹಾಗೆಯೇ ಎಲ್ಲರಿಗೂ ಹೇಳೆಂದು ಸೀಮೆಸುಣ್ಣ ಕೊಟ್ಟೆ. ಅಂದಿನಿಂದ ಪ್ರತಿ ಅಧ್ಯಾಯಕ್ಕೂ ಹತ್ತು ನಿಮಿಷ ಹೀಗೆ ಮೀಸಲು. ಪಾಠ ಮಾತ್ರ ಕನ್ನಡದಲ್ಲಿಯೇ, ಪರೀಕ್ಷೆ ಬರೆಯಬೇಕಾದದ್ದು ಅದರಲ್ಲಿ ತಾನೇ.

ಈಗ ನಾನು ‘ಅರ್ಥ ಆಂಡಾ?’ ಎಂದು ಕೇಳುತ್ತೇನೆ. ನನ್ನ ಉಚ್ಚಾರಣೆಗೆ ಒಮ್ಮೆ ನಕ್ಕು, ಅರ್ಥವಾಗದವರು ‘ಇಜ್ಜಿ ಟೀಚರ್’ ಎನ್ನುತ್ತಾರೆ. ಕನ್ನಡದಲ್ಲಿ ಕೇಳಿದರೆ ಇಂದಿಗೂ ಎಲ್ಲರೂ ತಲೆಯಾಡಿಸುತ್ತಾರೆ.