ಬಾಯಿಪಾಠದಲ್ಲಿ ನಾನು ತಪ್ಪುತ್ತಿದ್ದ ಆ ಒಂದು ಪದ

ಯೇಸುವನ್ನು ರಕ್ಷಕನೆಂದು ಒಪ್ಪಿಕೊಳ್ಳುವವರು ಕೈ ಎತ್ತಿ ಎಂದು ಯಾವ ಕೂಟದಲ್ಲಿ ಕೇಳಿದರೂ ನಾನು ಕೈ ಎತ್ತುತ್ತಿದ್ದೆ. ಮುಂದೆ ಬನ್ನಿ ಎಂದರೆ ಮುಂದೆ ಹೋಗುತ್ತಿದ್ದೆ. ಅದೇ ಪ್ರಾರ್ಥನೆ, ಅದೇ ಕಣ್ಣೀರು. ದೀಕ್ಷಾಸ್ನಾನ ಆದ ಮೇಲೂ ಇದು ನಿಲ್ಲಲಿಲ್ಲ. ಹೋದ ಸಲ ಪೂರ್ತಿ ಮನಸ್ಸಿಟ್ಟು ಪ್ರಾರ್ಥಿಸಿರಲಿಲ್ಲವೇನೋ, ಯಾವುದೋ ಪಾಪ ಹೇಳಿಕೊಳ್ಳುವುದು ಬಿಟ್ಟುಹೋಯಿತೇನೋ ಎಂಬ ಅನುಮಾನ. ಮನೆಗೆ ಬಂದ ಮೇಲೆ ಎರಡು ದಿನ ಮನಸ್ಸು ಹಗುರವಾಗಿರುತ್ತಿತ್ತು. ಮೂರನೇ ದಿನ ಯಾರ ಮೇಲಾದರೂ ರೇಗಿದರೆ ಸಾಕು, ಮತ್ತೆ ಶುರು. ನಿಜವಾಗಿ ರಕ್ಷಣೆ ಹೊಂದಿದವಳು ಹೀಗೆ ಮಾತಾಡುತ್ತಾಳಾ?

ಸತ್ಯವೇದ (ಬೈಬಲ್) ಓದುತ್ತಿರಲಿಲ್ಲ ಅಂತಲ್ಲ. ದಿನಾ ಓದುತ್ತಿದ್ದೆ. ಆದರೆ ಒಂದು ಸಂಗತಿಯನ್ನು ಬಹಳ ತಡವಾಗಿ ಗಮನಿಸಿದೆ. ನನ್ನನ್ನು ಹೆದರಿಸುವ ವಾಕ್ಯಗಳೆಲ್ಲ ತಮ್ಮಷ್ಟಕ್ಕೆ ತಾವೇ ಬಾಯಿಪಾಠ ಆಗಿಬಿಟ್ಟಿದ್ದವು. ‘ಸ್ವಾಮೀ, ಸ್ವಾಮೀ’ ಅನ್ನುವವರೆಲ್ಲರೂ ಪರಲೋಕರಾಜ್ಯದಲ್ಲಿ ಸೇರುವುದಿಲ್ಲ ಎಂಬ ಮತ್ತಾಯ 7ರ ಮಾತು, ಬೆಳಕು ಕಂಡ ಮೇಲೆ ಬಿದ್ದುಹೋದವರ ಬಗ್ಗೆ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ, ಪವಿತ್ರಾತ್ಮನ ದೂಷಣೆಗೆ ಕ್ಷಮೆಯಿಲ್ಲ ಎಂಬ ಮಾತು. ಇವನ್ನು ನಾನು ಯಾವತ್ತೂ ಕೂತು ಕಲಿತಿರಲಿಲ್ಲ. ಭಯವೇ ಕಲಿಸಿತ್ತು. ವಾಗ್ದಾನಗಳು ಮಾತ್ರ ‘ಯೋಹಾನನಲ್ಲಿ ಎಲ್ಲೋ ಇದೆ’ ಅನ್ನುವಷ್ಟೇ ಗೊತ್ತಿದ್ದವು. ರಾತ್ರಿ ಎರಡು ಗಂಟೆಗೆ ಎದೆ ಡವಡವ ಅನ್ನುವಾಗ ‘ಎಲ್ಲೋ ಇದೆ’ ಅನ್ನುವುದು ಕೈಗೆ ಸಿಗುವುದಿಲ್ಲ.

ನಮ್ಮ ಸಭೆಯ ಹಿರಿಯ ಆಂಟಿಯೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. 1 ಯೋಹಾನ 5:13, ಅಂದರೆ ಯೋಹಾನನ ಮೊದಲನೇ ಪತ್ರಿಕೆಯ 5ನೇ ಅಧ್ಯಾಯದ 13ನೇ ವಾಕ್ಯ ತೆಗೆದು ಓದಿಸಿದರು. ದೇವಕುಮಾರನ ಹೆಸರಿನಲ್ಲಿ ನಂಬಿಕೆಯಿಟ್ಟಿರುವ ನಿಮಗೆ ನಿತ್ಯಜೀವ ಉಂಟೆಂದು ಗೊತ್ತಾಗಬೇಕು, ಅದಕ್ಕೇ ಇದನ್ನು ಬರೆದಿದ್ದೇನೆ ಅನ್ನುತ್ತಾನೆ ಯೋಹಾನ. “ಇದು ನಿನ್ನ ಕಣ್ಣಲ್ಲಿದೆ ಮಗಳೇ, ಇನ್ನೂ ಬಾಯಿಗೆ ಬಂದಿಲ್ಲ. ಬಾಯಿಗೆ ತಂದುಕೋ” ಅಂದರು. ಅಷ್ಟೇ.

ಆ ರಾತ್ರಿ ಒಂದು ಪದದ ಮೇಲೆ ನಿಂತುಬಿಟ್ಟೆ. ‘ಗೊತ್ತಾಗಬೇಕೆಂದು’. ಅನಿಸಬೇಕೆಂದು ಅಲ್ಲ. ನಾನು ಇಷ್ಟು ವರ್ಷ ಅನಿಸಿಕೆಗಾಗಿ ಕಾಯುತ್ತಿದ್ದೆ. ಯೋಹಾನ ಬರವಣಿಗೆಯನ್ನು ಕೊಟ್ಟಿದ್ದ.

ಮೊದಲು ಐದೇ ವಾಕ್ಯ ಆರಿಸಿಕೊಂಡೆ: 1 ಯೋಹಾನ 5:13, ಯೋಹಾನನ ಸುವಾರ್ತೆಯ 5:24 ಮತ್ತು 10:28–29, 1 ಯೋಹಾನ 1:9, ರೋಮಾಪುರದವರಿಗೆ 8:38–39. ಜಾಸ್ತಿ ಬೇಡ ಎಂದು ಗಟ್ಟಿಯಾಗಿ ತೀರ್ಮಾನಿಸಿದ್ದೆ. ಹಿಂದೆ ಒಂದು ಸಲ ದಿನಕ್ಕೊಂದು ವಾಕ್ಯದಂತೆ ಶುರು ಮಾಡಿ ಎರಡನೇ ವಾರಕ್ಕೇ ಎಲ್ಲವೂ ಕಲಸಿಹೋಗಿ ಬಿಟ್ಟಿದ್ದೆ. ಈ ಸಲ ಒಂದು ವಾಕ್ಯಕ್ಕೆ ಒಂದು ವಾರ. ಒಂದೇ ಅನುವಾದ. ಹಳೆಯ ಅನುವಾದದ ‘ಮಾಡುವದು’, ಹೊಸದರ ‘ಮಾಡುವುದು’ ಎರಡೂ ಬೆರೆತರೆ ನಾಲಿಗೆ ಪ್ರತಿ ಸಲ ಅಲ್ಲೇ ತಡವರಿಸುತ್ತದೆ.

ಒಂದು ತೊಡಕು ನನ್ನನ್ನು ಬಹಳ ಕಾಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ ಅಲ್ವಾ. ರೋಮಾಪುರದವರಿಗೆ 8:38ರಂಥ ಉದ್ದದ ವಾಕ್ಯವನ್ನು ಮೊದಲಿನಿಂದ ಕಲಿಯುತ್ತಾ ಹೋದರೆ ಮರಣವಾಗಲಿ, ಜೀವವಾಗಲಿ, ದೇವದೂತರಾಗಲಿ ಅಂತ ಎಣಿಸುತ್ತಲೇ ಇರುತ್ತೇವೆ, ಏನು ಆಗುವುದಿಲ್ಲ ಅನ್ನುವುದು ಬಾಯಿಗೆ ಬರುವಷ್ಟರಲ್ಲಿ ನೆನಪು ಸುಸ್ತಾಗಿರುತ್ತದೆ. ಅದಕ್ಕೆ ನಾನು ಕೊನೆಯಿಂದ ಕಲಿತೆ. ಮೊದಲು ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರವು ಎಂಬ ಕೊನೆಯ ತುಂಡು. ಅದು ಗಟ್ಟಿಯಾದ ಮೇಲೆ ಅದರ ಹಿಂದಿನ ತುಂಡು. ಹೀಗೆ ಹಿಂದೆ ಹಿಂದೆ ಸರಿಯುತ್ತಾ ಶುರುವಿಗೆ ಬಂದೆ. ಆಗ ಹೇಳುತ್ತಾ ಹೋದಂತೆ ಚೆನ್ನಾಗಿ ಗೊತ್ತಿರುವ ಜಾಗದ ಕಡೆಗೇ ನಡೆಯುತ್ತೇವೆ, ಗೊತ್ತಿಲ್ಲದ ಕಡೆಗಲ್ಲ. ಉದ್ದದ ವಾಕ್ಯ ಕಲಿಯುವ ಎಲ್ಲರಿಗೂ ಇದನ್ನೇ ಮೊದಲು ಹೇಳುತ್ತೇನೆ.

ಉಳಿದದ್ದು ಸುಲಭ. ಕೈಯಲ್ಲೇ ಚೀಟಿ ಮೇಲೆ ಬರೆಯುವುದು. ಅಧ್ಯಾಯ, ವಾಕ್ಯದ ಅಂಕಿಯನ್ನು ಮೊದಲೂ ಹೇಳುವುದು, ಕೊನೆಗೂ ಹೇಳುವುದು. ಮನಸ್ಸಲ್ಲಿ ಅಲ್ಲ, ಕಿವಿಗೆ ಕೇಳುವಂತೆ. ಕಲಿತ ದಿನ ರಾತ್ರಿ ಒಮ್ಮೆ, ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ. 1885ರಲ್ಲೇ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆತುಹೋಗುತ್ತದೆ ಎಂದು ತೋರಿಸಿದ್ದ. ಹಾಗಾಗಿ ಮೊದಲ ಮೂರು ದಿನ ತಪ್ಪಿಸಬಾರದು. ಆಮೇಲೆ ಒಂದೆರಡು ದಿನ ತಪ್ಪಿದರೂ ಪರವಾಗಿಲ್ಲ.

ಈಗ ಆ ಪದದ ವಿಷಯ.

1 ಯೋಹಾನ 1:9 ಕಲಿಯುವಾಗ ನಾನು ಪ್ರತಿ ಸಲ ಒಂದೇ ಕಡೆ ತಪ್ಪುತ್ತಿದ್ದೆ. ಪಾಪಗಳನ್ನು ಅರಿಕೆಮಾಡಿದರೆ ‘ಆತನು ನಂಬಿಗಸ್ತನೂ ನೀತಿವಂತನೂ’ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದಿದೆ ಅಲ್ಲಿ. ನನ್ನ ಬಾಯಿಂದ ‘ನಂಬಿಗಸ್ತನೂ ಕರುಣೆಯುಳ್ಳವನೂ’ ಎಂದೇ ಬರುತ್ತಿತ್ತು. ಚೀಟಿ ನೋಡಿ ತಿದ್ದಿಕೊಂಡರೂ ಮರುದಿನ ಮತ್ತೆ ಕರುಣೆ. ನಾಲ್ಕನೇ ದಿನವೂ ಹಾಗೇ ಆದಾಗ ಸುಮ್ನೆ ತಿದ್ದಿಕೊಳ್ಳದೆ ಯಾಕೆ ಹೀಗೆ ಎಂದು ಕೂತು ಯೋಚಿಸಿದೆ.

ಕ್ಷಮೆ ಅಂದರೆ ಕರುಣೆ ಎಂದೇ ನನ್ನ ಮನಸ್ಸು ತಿಳಿದಿತ್ತು. ನಾನು ಅಷ್ಟು ಕೇಳಿಕೊಂಡರೆ ದೇವರು ಕರಗುತ್ತಾನೆ, ಈ ಸಲ ಬಿಟ್ಟುಬಿಡುತ್ತಾನೆ ಎಂದು. ಅದೇ ನನ್ನ ಭಯದ ಬೇರು. ಇವತ್ತು ಕರಗಿದವನು ನಾಳೆ ಕರಗದೆ ಹೋದರೆ? ನೂರನೇ ಸಲಕ್ಕೆ ಬೇಸತ್ತರೆ? ಆದರೆ ಯೋಹಾನ ‘ನೀತಿವಂತ’ ಅನ್ನುತ್ತಾನೆ. ಎರಡೇ ವಾಕ್ಯ ಮೇಲೆ, 1:7ರಲ್ಲಿ, ಯೇಸುವಿನ ರಕ್ತ ನಮ್ಮನ್ನು ಸಕಲ ಪಾಪದಿಂದ ಶುದ್ಧಿಮಾಡುತ್ತದೆ ಎಂದಿದ್ದಾನೆ. ಅಂದರೆ ನನ್ನ ಪಾಪದ ಲೆಕ್ಕ ಶಿಲುಬೆಯಲ್ಲಿ ತೀರಿಹೋಗಿದೆ. ತೀರಿದ ಸಾಲವನ್ನು ಎರಡನೇ ಸಲ ಕೇಳುವುದು ನೀತಿಯಲ್ಲ. ನನ್ನನ್ನು ಕ್ಷಮಿಸುವುದರಲ್ಲಿ ದೇವರ ಕರುಣೆಯ ಜೊತೆಗೆ ಆತನ ನೀತಿಯೂ ನಿಂತಿದೆ. ನನಗೆ ಭಯ ಹುಟ್ಟಿಸುತ್ತಿದ್ದ ಗುಣವೇ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದೆ. ಆ ದಿನ ಅತ್ತದ್ದು ಬೇರೆ ಥರದ ಅಳು.

ಸುಮ್ಮನೆ ಓದುತ್ತಿದ್ದಾಗ ಆ ಪದದ ಮೇಲೆ ಕಣ್ಣು ಎಷ್ಟು ಸಲ ಹಾದುಹೋಗಿತ್ತೋ. ಬಾಯಿಪಾಠ ಮಾಡುವಾಗ ಮಾತ್ರ ಅದು ಎಡವಿಸಿತು. ಅಂದಿನಿಂದ ಎಲ್ಲಿ ತಪ್ಪುತ್ತೇನೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಎಷ್ಟೋ ತಪ್ಪು ಬರೀ ಮರೆವು. ಆದರೆ ಮತ್ತೆ ಮತ್ತೆ ಒಂದೇ ಕಡೆ ಆಗುವ ತಪ್ಪು ನಾನು ಇನ್ನೂ ನಂಬದ ಜಾಗವನ್ನು ತೋರಿಸಿದ್ದುಂಟು. ಯೋಹಾನ 10ರಲ್ಲಿ 28 ಬಂದರೂ 29 ಜಾರುತ್ತಿತ್ತು. ಯೇಸುವಿನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಅನ್ನುವುದು ಸರಿ, ತಂದೆಯ ಕೈಯಿಂದಲೂ ಕಿತ್ತುಕೊಳ್ಳಲಾರರು ಅನ್ನುವುದು ನೆನಪಿಗೆ ಬಾರದು. ಯೇಸು ನನ್ನ ಪಕ್ಷ, ತಂದೆ ಇನ್ನೂ ಯೋಚಿಸುತ್ತಿದ್ದಾನೆ ಎಂಬಂತೆ ಬದುಕುತ್ತಿದ್ದೆ ಎಂದು ಆಗ ತಿಳಿಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ವಾಕ್ಯಕ್ಕೆ ಅಂಕಿ ಹಾಕಿದವನು ರೋಮಾಪುರದವರಿಗೆ ಪತ್ರಿಕೆ ಬರೆದ ಪೌಲನಲ್ಲ, ಯೋಹಾನನಲ್ಲ. ಹೊಸ ಒಡಂಬಡಿಕೆಗೆ ಈಗ ನಾವು ಬಳಸುವ ವಾಕ್ಯದ ಅಂಕಿಗಳು ಬಂದದ್ದು 1551ರಲ್ಲಿ, ರಾಬರ್ಟ್ ಎತಿಯೆನ್ ಎಂಬ ಮುದ್ರಕನ ಕೈಯಲ್ಲಿ. ಅಂಕಿ ಹುಡುಕಲು ಒಳ್ಳೆಯದು, ಕತ್ತರಿಸಲು ಅಲ್ಲ. ಅಡವಿಯಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ 91ನೇ ಕೀರ್ತನೆಯನ್ನು ಬಾಯಿಪಾಠವಾಗಿಯೇ ಹೇಳಿದ. ಯೇಸು ಮೂರು ಸಲವೂ ಧರ್ಮೋಪದೇಶಕಾಂಡದಿಂದಲೇ ಉತ್ತರ ಕೊಟ್ಟನು. ಆದ್ದರಿಂದ ಚೀಟಿ ಬರೆಯುವ ಮೊದಲು ಇಡೀ ಅಧ್ಯಾಯವನ್ನು ಒಮ್ಮೆಯಾದರೂ ಓದುತ್ತೇನೆ. ನನ್ನನ್ನು ಹೆದರಿಸುತ್ತಿದ್ದ ಇಬ್ರಿಯರಿಗೆ 6ನ್ನು ಹಾಗೆ ಓದಿದಾಗ, 9ನೇ ವಾಕ್ಯದಲ್ಲಿ ಬರೆದವನು ‘ಪ್ರಿಯರೇ’ ಎಂದು ಕರೆದು, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎಂದು ಹೇಳುವುದು ಕಂಡಿತು. ಎಚ್ಚರಿಕೆ ಎಚ್ಚರಿಕೆಯಾಗಿಯೇ ಉಳಿಯಿತು. ಆದರೆ ಅದು ನನ್ನನ್ನು ಹೊರಗೆ ತಳ್ಳಲು ಬರೆದದ್ದಲ್ಲ.

ಅನುಮಾನ ಪೂರ್ತಿ ಹೋಯಿತಾ ಎಂದು ಕೇಳುತ್ತಾರೆ. ಇಲ್ಲ. ಪ್ರೊಟೆಸ್ಟೆಂಟ್ ನಂಬಿಕೆಯನ್ನು ವಿವರಿಸುವ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸದ ಅರಿಕೆಯಲ್ಲಿ 18ನೇ ಅಧ್ಯಾಯ ಪೂರ್ತಿ ರಕ್ಷಣೆ ಹೊಂದಿದ್ದೇನೆ ಎಂಬ ಈ ನಿಶ್ಚಯತೆಯ ಬಗ್ಗೆಯೇ ಇದೆ. ನಿಜವಾದ ವಿಶ್ವಾಸಿಯೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದು ಎಂದು ಅದು ಒಪ್ಪಿಕೊಳ್ಳುತ್ತದೆ. ಅದನ್ನು ಓದಿದಾಗ ಇದು ನನ್ನೊಬ್ಬಳ ರೋಗವಲ್ಲ ಎಂದು ಧೈರ್ಯ ಬಂತು. ರೇಗಿದ ದಿನ ಇಂದಿಗೂ ಎದೆ ಆರೋಪ ಹೊರಿಸುತ್ತದೆ. ಆಗ 1 ಯೋಹಾನ 3:20 ಹೇಳುತ್ತೇನೆ. ನಮ್ಮ ಹೃದಯ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ಹೇಳಿ, ರೇಗಿದವರ ಹತ್ತಿರ ಹೋಗಿ ಕ್ಷಮೆ ಕೇಳುತ್ತೇನೆ. ಮೊದಲು ಹಾಗೆ ಹೋಗುತ್ತಿರಲಿಲ್ಲ. ನನ್ನ ರಕ್ಷಣೆಯ ಚಿಂತೆಯಲ್ಲಿ ಅವರ ನೋವು ಕಾಣುತ್ತಲೇ ಇರಲಿಲ್ಲ.

ಕೂಟಗಳಲ್ಲಿ ಈಗ ಕೈ ಎತ್ತುವುದಿಲ್ಲ. ಎತ್ತುವವರಿಗಾಗಿ ಪ್ರಾರ್ಥಿಸುತ್ತೇನೆ. ಐದು ವಾಕ್ಯ ಮುಗಿದ ಮೇಲೆ ಯೋಹಾನನ ಮೊದಲನೇ ಪತ್ರಿಕೆಯನ್ನೇ ಪೂರ್ತಿ ಕಲಿಯಲು ಹಿಡಿದೆ. ಐದು ಅಧ್ಯಾಯ, 105 ವಾಕ್ಯ. ಸದ್ಯ 4ನೇ ಅಧ್ಯಾಯದಲ್ಲಿದ್ದೇನೆ. 18ನೇ ವಾಕ್ಯದಲ್ಲಿ ಪೂರ್ಣವಾದ ಪ್ರೀತಿ ಹೆದರಿಕೆಯನ್ನು ಹೊರಡಿಸಿಬಿಡುತ್ತದೆ ಎಂದಿದೆ. ‘ಪೂರ್ಣ’ ಅನ್ನುವ ಪದ ಮೂರು ದಿನದಿಂದ ಬಿಟ್ಟುಹೋಗುತ್ತಿದೆ. ಚೀಟಿಯಲ್ಲಿ ಗೆರೆ ಹಾಕಿಟ್ಟಿದ್ದೇನೆ.